ಹುಲುಗಪ್ಪನ ಹತ್ತು ಬೆರಳು

ಹೆಡ್ ಕಾನ್‌ಸ್ಟೇಬಲ್ ಚಿದಾನಂದಪ್ಪನ ಕೈಗೆ ಸಿಕ್ಕ ಬೆರಳು ಗುರುತು ಕೊಡದೆ ಹೋದದ್ದೇ ಇಲ್ಲ ಎಂದು ಬಳ್ಳಾರಿ ಜಿಲ್ಲೆಯ ಪೊಲೀಸರಲ್ಲಿ ಒಂದು ಮಾತಿತ್ತು. ಅದು ಅರ್ಧ ನಿಜ, ಅರ್ಧ ಬಡಾಯಿ. ಬಡಾಯಿಯ ಪಾಲನ್ನು ಅವನೇ ಊರೂರಿಗೆ ಹಂಚಿದ್ದ. ಗಾಜಿನ ಹಲಗೆಯ ಮೇಲೆ ಕಡಲೆಕಾಳಿನಷ್ಟು ಮಸಿ ಹಾಕಿ, ರೋಲರ್ ಉರುಳಿಸಿ ತೆಳ್ಳಗೆ ಹರಡಿ, ಹಿಡಿದು ತಂದವನ ಬೆರಳನ್ನು ಉಗುರಿನ ಈ ಅಂಚಿನಿಂದ ಆ ಅಂಚಿನವರೆಗೆ ಹೊರಳಿಸುವಾಗ ಅವನ ಮುಖ ನೋಡಬೇಕಿತ್ತು. ಕೂಸಿಗೆ ಎಣ್ಣೆ ಹಚ್ಚುವ ಅಜ್ಜಿಯ ಮುಖವೂ ಅಷ್ಟು ಶಾಂತವಾಗಿರುವುದಿಲ್ಲ. "ಬೆರಳು ಸಡ್ಲ ಬಿಡೋ. ನೀ ಹೊಳ್ಳಸಬ್ಯಾಡ, ನಾ ಹೊಳ್ಳಸ್ತೀನಿ" ಅನ್ನುತ್ತಿದ್ದ. ಎಂಥ ದಾಂಡಿಗನೂ ಆಗ ಕೈಯನ್ನು ಅವನಿಗೆ ಬಿಟ್ಟುಕೊಡುತ್ತಿದ್ದ.

ಕಾಯಿದೆಯೂ ಅವನಿಗೆ ಬಾಯಿಪಾಠ. ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಕಠಿಣ ಸಜೆ ಬೀಳಬಹುದಾದ ಅಪರಾಧಕ್ಕೆ ಹಿಡಿದವನ ಬೆರಳಚ್ಚನ್ನು ತೆಗೆದುಕೊಳ್ಳಬಹುದು. ಒಲ್ಲೆ ಅಂದರೆ ಕೈ ಹಿಡಿದೂ ತೆಗೆದುಕೊಳ್ಳಬಹುದು. ಆದರೆ ಹಿಂದೆ ಶಿಕ್ಷೆಯಾಗದ ಮನುಷ್ಯನನ್ನು ವಿಚಾರಣೆಗೆ ಕಳಿಸದೆ ಬಿಟ್ಟರೆ, ಅಥವಾ ಕೋರ್ಟು ಖುಲಾಸೆ ಮಾಡಿದರೆ, ಆ ಹಾಳೆಯನ್ನು ನಾಶ ಮಾಡಬೇಕು, ಇಲ್ಲವೇ ಅವನ ಕೈಗೇ ಕೊಡಬೇಕು. ಈ ಕೊನೆಯ ಮಾತು ಬಂದಾಗ ಠಾಣೆಗಳಿಗೆ ಸಾಮಾನ್ಯವಾಗಿ ನಿದ್ದೆ ಹತ್ತುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತಿದು. ಚಿದಾನಂದಪ್ಪ ಆಗಷ್ಟೇ ಸಿರುಗುಪ್ಪ ತಾಲ್ಲೂಕಿನ ಒಂದು ಠಾಣೆಯಿಂದ ಬಳ್ಳಾರಿಗೆ ವರ್ಗವಾಗಿ ಬಂದಿದ್ದ. ಠಾಣೆಯ ಹೆಸರು ಬೇಡ, ಠಾಣೆಗಳಿಗೂ ಮಾನ ಇರುತ್ತದೆ. ಕಂಟೋನ್ಮೆಂಟಿನ ಒಂದು ಹಳೆಯ ಕಲ್ಲಿನ ಕಟ್ಟಡದಲ್ಲಿ ಬೆರಳಚ್ಚಿನ ಕಟ್ಟುಗಳನ್ನು ಕಾಯುವುದು ಅವನ ಕೆಲಸ. ತಣ್ಣಗಿನ ಕೋಣೆ, ಎತ್ತರದ ಕಿಟಕಿ, ಮೇಲಧಿಕಾರಿಗಳ ಕಾಟ ಕಡಿಮೆ. ಪೆನ್ಷನ್ನಿನ ದಾರಿ ಕಾಣುತ್ತಿದ್ದ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಆ ಕೋಣೆಯ ಬಾಗಿಲಿಗೆ ಒಂದು ದಿನ ಬೆಳಿಗ್ಗೆ ಒಬ್ಬ ಹೆಂಗಸು ಬಂದು ನಿಂತಳು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಸೀರೆಯ ಅಂಚಿಗೆ, ಹುಬ್ಬಿನ ಕೂದಲಿಗೆ, ಉಗುರಿನ ಸಂದಿಗೆ ಬಿಳಿ ಸುಣ್ಣ ಅಂಟಿತ್ತು.

"ನಾ ಕುರುಗೋಡಿನಾಕಿ, ಸುಣ್ಣದ ಬಟ್ಟಿ ಹೊನ್ನೂರಮ್ಮ" ಅಂದಳು. "ನನ್ ಮಗ ಹುಲುಗಪ್ಪನ ಬೆರಳು ನಿಮ್ಮ ಹತ್ರ ಅದಾವಂತ. ಕೊಡ್ರಿ ಸಾಹೇಬ್ರ. ಹುಗಿಬೇಕು."

ಚಿದಾನಂದಪ್ಪನ ಕೈಯಲ್ಲಿದ್ದ ಚಹಾದ ಕಪ್ಪು ಬಸಿಗೆ ತಾಗಿ ಟಣ್ ಅಂದಿತು. ಆ ಹೆಸರನ್ನು ಅವನು ಮರೆತಿರಲಿಲ್ಲ. ಮರೆಯಲು ಪಟ್ಟ ಪಾಡು ದೇವರಿಗೇ ಗೊತ್ತು.

ಹಿಂದಿನ ಮಳೆಗಾಲದಲ್ಲಿ ಹುಲುಗಪ್ಪ ಸಿರುಗುಪ್ಪದ ಕಡೆಗೆ ಸುಣ್ಣ ಬಳಿಯುವ ಕೆಲಸಕ್ಕೆ ಹೋಗಿದ್ದ. ಇಪ್ಪತ್ತು ದಾಟಿದ ಹುಡುಗ, ಮಾತು ಕಡಿಮೆ. ಒಬ್ಬ ಅಕ್ಕಿ ಗಿರಣಿ ಮಾಲೀಕರ ಮನೆಗೆ ಸುಣ್ಣ ಬಳಿಯುವಾಗ ದೇವರ ಕೋಣೆಯ ಬೆಳ್ಳಿ ತಂಬಿಗೆ ಕಾಣೆಯಾಯಿತು. ಬಡವನ ಮೇಲೆ ಬೆರಳು ತೋರಿಸುವುದು ಸುಲಭ. ತೋರಿಸಿದರು, ಠಾಣೆಯವರು ಎಳೆದು ತಂದರು. ಕಳವಿನ ಕೇಸು, ಆದ್ದರಿಂದ ಬೆರಳಚ್ಚು ಬೇಕು. ಚಿದಾನಂದಪ್ಪ ಗಾಜಿನ ಹಲಗೆ ಹರವಿದ.

ಗುರುತು ಬರಲಿಲ್ಲ. ಚಿಕ್ಕಂದಿನಿಂದ ಸುಣ್ಣ ಕಲಸಿ, ಸುಟ್ಟ ಕಲ್ಲು ಎತ್ತಿ, ಆ ಹುಡುಗನ ಬೆರಳ ತುದಿಗಳು ಹುಣಸೆಬೀಜದಂತೆ ನುಣ್ಣಗಾಗಿದ್ದವು. ಒರೆಸಿ ಹಚ್ಚಿದರೂ ಅಷ್ಟೆ, ಮಸಿ ಕಡಿಮೆ ಮಾಡಿದರೂ ಅಷ್ಟೆ, ಬಿಸಿನೀರಲ್ಲಿ ಅದ್ದಿಸಿದರೂ ಅಷ್ಟೆ. ಹಾಳೆಯ ಮೇಲೆ ಹತ್ತು ಕರಿ ಬೊಟ್ಟು ಮಾತ್ರ. "ಗೆರೆ ಮೂಡುವುದಿಲ್ಲ" ಎಂದು ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು. ಕಾಯಿದೆ ಯಾರನ್ನೂ ಇಲ್ಲದ ಗೆರೆ ಕೇಳುವುದಿಲ್ಲ. ಆದರೆ ಚಿದಾನಂದಪ್ಪನ ಹೆಸರು ಕೇಳುತ್ತಿತ್ತು. ಅವನ ಕೈಗೆ ಸಿಕ್ಕ ಬೆರಳು ಗುರುತು ಕೊಡಲಿಲ್ಲ ಎಂದು ಅವನೇ ಬರೆದುಕೊಡಬೇಕೆ? ಹೊಸ ಹಾಳೆ ತೆಗೆದ. ಸುತ್ತ ನೋಡಿದ. ತನ್ನ ಬೆರಳುಗಳಿಗೇ ಮಸಿ ಹಚ್ಚಿಕೊಂಡು, ಒಂದಾದ ಮೇಲೊಂದು ಹತ್ತನ್ನೂ ಅಚ್ಚುಕಟ್ಟಾಗಿ ಹೊರಳಿಸಿದ. ಮೇಲೆ ಹುಲುಗಪ್ಪನ ಹೆಸರು, ಕೆಳಗೆ ತನ್ನ ರುಜು. ಅಷ್ಟು ಚೊಕ್ಕ ಹಾಳೆ ಆ ವರ್ಷ ಜಿಲ್ಲೆಯಿಂದ ಮತ್ತೊಂದು ಬಂದಿರಲಿಕ್ಕಿಲ್ಲ.

ಸಂಜೆಯ ಹೊತ್ತಿಗೆ ತಂಬಿಗೆ ಮಾಲೀಕರ ಅಳಿಯನ ಟ್ರಂಕಿನಲ್ಲಿ ಸಿಕ್ಕಿತು. ಹುಲುಗಪ್ಪನನ್ನು ಬಿಟ್ಟರು. ಹಾಳೆ ಆಗಲೇ ಟಪಾಲಿನಲ್ಲಿ ಬಳ್ಳಾರಿಗೆ ಹೊರಟಿತ್ತು. ಹುಡುಗ ಬಾಗಿಲಲ್ಲಿ ನಿಂತು ತನ್ನ ಕರಿ ಕೈಗಳನ್ನು ತೋರಿಸಿ, "ಇದು ಹೋಗವಲ್ದುರಿ" ಅಂದ. ಸೀಮೆಎಣ್ಣೆ ಕೊಟ್ಟಿದ್ದರೆ ಹೋಗುತ್ತಿತ್ತು. ಎದ್ದು ಸೀಸೆ ತರಲು ಚಿದಾನಂದಪ್ಪನಿಗೆ ಬೇಸರ. "ಹೊಳಿಗೆ ಹೋಗಿ ಉಸುಕು ಹಚ್ಚಿ ತಿಕ್ಕೋ, ಹೊಕ್ಕೈತಿ" ಅಂದ.

ತುಂಗಭದ್ರೆ ಆ ದಿನ ತುಂಬಿ ಹರಿಯುತ್ತಿತ್ತು. ಬಟ್ಟೆ ಒಗೆಯುತ್ತಿದ್ದ ಅಗಸನೊಬ್ಬ ನೋಡಿದ್ದು ಇಷ್ಟು: ಒಬ್ಬ ಹುಡುಗ ಅಂಗಿ ಕಳಚಿಟ್ಟು ನೀರಂಚಿಗೆ ಕೂತು ಕೈ ತಿಕ್ಕುತ್ತಿದ್ದ, ಬೆಳಕಿಗೆ ಹಿಡಿದು ನೋಡುತ್ತಿದ್ದ, ಮತ್ತೆ ತಿಕ್ಕುತ್ತಿದ್ದ. ಅಗಸ ಮತ್ತೊಮ್ಮೆ ತಲೆ ಎತ್ತಿದಾಗ ಅಂಗಿ ಮಾತ್ರ ಇತ್ತು. ಹೆಣ ಸಿಗಲೇ ಇಲ್ಲ.

"ಅಂಗಿ ಕೊಟ್ಟಿದ್ರು, ಅದನ್ನ ಹುಗಿದ್ವಿ" ಅಂದಳು ಹೊನ್ನೂರಮ್ಮ. ಅಳಲಿಲ್ಲ, ಧ್ವನಿಯೂ ಏರಲಿಲ್ಲ. "ಆದ್ರ ಅವ ಹೋಗಿಲ್ರಿ. ಮನ್ಯಾಗ ಕರಿ ಬೆರಳು ಮೂಡ್ತಾವ. ಸುಣ್ಣದ ಗ್ವಾಡಿ ಮ್ಯಾಲ, ನೀರಿನ ಗಡಿಗಿ ಮ್ಯಾಲ. ನಾ ಬಳಿತೀನಿ, ಮತ್ತ ಮೂಡ್ತಾವ. ನಮ್ಮ ಅಯ್ಯನೋರು ಅಂದ್ರು, ಅಂಗಿ ಹುಗಿದ್ರ ಅಂಗಿ ಮಣ್ಣಾಕೈತಿ, ಹುಡುಗ ಆಗಂಗಿಲ್ಲ. ಅವನ ಮೈಯಿಂದು ಏನರ ಇದ್ರ ತಂದು ಹುಗಿ ಅಂತ. ತೆಕ್ಕಲಕೋಟಿ ವಕೀಲ್ರು ಬಸ್ಸಿನ್ಯಾಗ ಸಿಕ್ಕಾಗ ಹೇಳಿದ್ರು, ಬೆರಳು ತಿರುಗಿ ಕೇಳಾಕ ಹಕ್ಕೈತಂತ. ಹೌದಲ್ರಿ?"

"ಹೌದವ್ವ" ಅಂದ ಚಿದಾನಂದಪ್ಪ.

ಆ ಹಾಳೆ ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಹರಿದುಹಾಕಲು ಎರಡು ಸಲ ಕೈ ಹಾಕಿ ಎರಡು ಸಲವೂ ಬಿಟ್ಟಿದ್ದ. ಎಲ್ಲ ಹಾಳೆಗಳಿಗೂ ನಂಬರು ಇರುತ್ತದೆ; ಒಂದು ಕಾಣೆಯಾದರೆ ಕೇಳುತ್ತಾರೆ. ಆದೇಶ ಕೇಳಿ ನಾಶ ಮಾಡೋಣವೆಂದರೆ ಸಾಹೇಬರು ಹಾಳೆ ನೋಡುತ್ತಾರೆ. ಸುಳ್ಳು ಗುರುತು ಕಟ್ಟಿದ್ದು ಹೊರಬಿದ್ದರೆ ನೌಕರಿ ಹೋಗಿ, ಪೆನ್ಷನ್ ಹೋಗಿ, ತಾನು ಕಾದ ಲಾಕಪ್ಪಿಗೆ ತಾನೇ ಹೋಗಬೇಕು. ಈಗ ನೋಡಿದರೆ ದೇವರೇ ದಾರಿ ತೋರಿಸಿದಂತಿತ್ತು. ತಾಯಿ ತಾನಾಗಿ ಕೇಳುತ್ತಿದ್ದಾಳೆ. ಕೊಟ್ಟರೆ ಕಾಯಿದೆಯೂ ಆಯಿತು, ಹಾಳೆಯೂ ಮಣ್ಣಾಯಿತು. ಅವಳಿಗೆ ಸಮಾಧಾನ, ತನಗೆ ನಿದ್ದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂದುಕೊಂಡ. ನಾಚಿಕೆಯೂ ಆಯಿತು, ಆದರೆ ಹಗುರವಾದದ್ದೇ ಹೆಚ್ಚು.

ಅವಳ ಹೆಬ್ಬೆಟ್ಟಿನ ಅರ್ಜಿ ಬರೆಸಿಕೊಂಡು ಇನ್ಸ್‌ಪೆಕ್ಟರ್ ಕಾಡಸಿದ್ದಪ್ಪನವರ ಮುಂದಿಟ್ಟ. ಅವರು ಮುಖ ಎತ್ತದೆ, "ಸತ್ತವನ ಹಾಳಿ ನಮಗ್ಯಾಕಪ್ಪ, ತಾಯಿಗೆ ಕೊಟ್ಟು ರಸೀದಿ ತಗೊಂಡು ಬಾ" ಎಂದು ರುಜು ಹಾಕಿದರು.

ಮರುದಿನ ಮಧ್ಯಾಹ್ನ ಚಿದಾನಂದಪ್ಪ ಮಡಿಕೆ ಬೀಳದ ಹಾಗೆ ಹಾಳೆಯನ್ನು ರಟ್ಟಿನ ನಡುವೆ ಇಟ್ಟುಕೊಂಡು ಕುರುಗೋಡಿನ ಬಸ್ಸು ಇಳಿದ. ಬಂಡೆಗುಡ್ಡದ ಬುಡದಲ್ಲಿ ಸುಣ್ಣದ ಬಟ್ಟಿ, ಅದರ ಪಕ್ಕಕ್ಕೆ ಹೊನ್ನೂರಮ್ಮನ ಮನೆ. ಬಟ್ಟಿ ಆರಿತ್ತು. ಬಿಸಿಲಿಗೆ ಮನೆಯ ಗೋಡೆ ಕಣ್ಣು ಕುಕ್ಕುವಷ್ಟು ಬಿಳುಪಾಗಿತ್ತು.

"ಬರ್ರಿ ಸಾಹೇಬ್ರ. ಕುಣಿ ತೋಡಿಸೀನಿ, ಅಂಗಿ ಹುಗಿದ ಬಾಜುಕ. ಅಯ್ಯನೋರು ಬರೋ ಹೊತ್ತಾತು" ಅಂದಳು. ಆಮೇಲೆ ಒಳಗೋಡೆಯತ್ತ ಕೈ ಮಾಡಿದಳು. "ನೋಡ್ರಿ."

ಒಳಗೆ ಕಾಲಿಡುವಾಗಲೇ ಚಿದಾನಂದಪ್ಪನ ಮೂಗಿಗೆ ವಾಸನೆ ಬಡಿಯಿತು. ಸುಣ್ಣದ್ದಲ್ಲ, ಒಲೆಯದ್ದೂ ಅಲ್ಲ. ಠಾಣೆಯ ಮಸಿಯ ವಾಸನೆ. ಅದನ್ನು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲ ಮನುಷ್ಯ ಅವನು.

ಮೂಲೆಯಲ್ಲಿ ಒಲೆ, ಅದರ ಪಕ್ಕ ಬಟ್ಟೆ ಮುಚ್ಚಿದ ರೊಟ್ಟಿಯ ಬುಟ್ಟಿ. ಬುಟ್ಟಿಯ ಹಿಂದಿನ ಗೋಡೆಯ ಮೇಲೆ, ನೆಲಕ್ಕೆ ಕೂತವನ ಕೈಗೆ ಎಟಕುವ ಎತ್ತರದಲ್ಲಿ, ಕರಿ ಬೆರಳುಗಳು ಒತ್ತಿದ್ದವು. ಗಡಿಗೆಯ ಕಂಠದ ಮೇಲಿದ್ದವು. ಬುಟ್ಟಿಗೆ ಮುಚ್ಚಿದ ಬಟ್ಟೆಯ ಅಂಚಿಗೂ ಇದ್ದವು. ಬೇರೆಲ್ಲೂ ಇರಲಿಲ್ಲ.

"ಮೊದಲ ನನಗೂ ನಂಬಿಕಿ ಇದ್ದಿಲ್ರಿ" ಅಂದಳು ಹೊನ್ನೂರಮ್ಮ. ಆ ಮುಖದಲ್ಲಿ ಮೊದಲ ಸಲ ಒಂದು ಬೆಳಕು ಕಂಡಿತು. "ನನ್ ಮಗನ ಬೆರಳಿಗೆ ಗೆರಿನ ಇದ್ದಿಲ್ಲ. ಸುಣ್ಣ ತಿಂದಿತ್ತು. ಉರಿತೈತಿ ಬೇ ಅಂತ ಎಷ್ಟು ರಾತ್ರಿ ಅತ್ತಾನ, ಬೆಣ್ಣಿ ಹಚ್ಚಿ ಮಲಗಸ್ತಿದ್ದೆ. ಈಗ ನೋಡ್ರಿ, ಎಷ್ಟು ಚಂದ ಗೆರಿ ಮೂಡ್ಯಾವ. ಸತ್ತ ಮ್ಯಾಲರ ನನ್ ಕೂಸಿನ ಕೈ ವಾಸಿ ಆತಲ್ಲ ಅಂತ ಸಮಾಧಾನ ಆತು." ವಿಭೂತಿ, ಹೂವು ತರುತ್ತೇನೆಂದು ಹಿತ್ತಲಿಗೆ ಹೋದಳು.

ಒಬ್ಬನೇ ಉಳಿದ ಚಿದಾನಂದಪ್ಪ ಗೋಡೆಯ ಮುಂದೆ ಮೊಣಕಾಲೂರಿದ. ನೋಡಬಾರದಿತ್ತು. ಹಾಳೆ ಕೊಟ್ಟು, ರಸೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಸ್ಸು ಹತ್ತಿದ್ದರೆ ಅವನ ಗುಟ್ಟು ಆ ಸಂಜೆಯೇ ಮಣ್ಣಿನಡಿ ಮಲಗುತ್ತಿತ್ತು. ಆದರೆ ಅಕ್ಕಸಾಲಿ ಅವ್ವನ ಮೂಗುತಿಯನ್ನೂ ಒರೆಗೆ ಹಚ್ಚದೆ ಬಿಡುವುದಿಲ್ಲವಂತೆ. ಇವನ ಕೈ ತಾನಾಗಿ ಜೇಬಿನ ಭೂತಗನ್ನಡಿಗೆ ಹೋಯಿತು.

ಬಲಗೈ ಹೆಬ್ಬೆರಳು. ಸುಳಿ. ಸುಳಿಯ ಎಡಕ್ಕೆ ಓರೆಯಾಗಿ ಒಂದು ಬಿಳಿ ಗೀರು, ಗೆರೆಗಳನ್ನು ಕತ್ತರಿಸಿಕೊಂಡು ಹೋದದ್ದು. ಚಿದಾನಂದಪ್ಪ ಆ ಗೀರನ್ನು ಬಲ್ಲ. ಎಳೆಯ ವಯಸ್ಸಿನಲ್ಲಿ ಮೇವು ಕೊಯ್ಯುವಾಗ ಕುಡುಗೋಲು ಬಿದ್ದ ಗಾಯ, ಅವನದೇ ಹೆಬ್ಬೆರಳಿನದು.

ಇರಲಾರದು, ಕಣ್ಣು ಮೋಸ ಮಾಡುತ್ತಿದೆ ಎಂದುಕೊಂಡ. ಇಷ್ಟಾದ ಮೇಲೂ ಸುಮ್ಮನಿದ್ದನೆ? ಒಲೆಯ ಪಕ್ಕ ಬೋರಲು ಹಾಕಿದ್ದ ಹಂಚಿನ ಬೆನ್ನಿಗೆ ಬಲ ಹೆಬ್ಬೆರಳನ್ನು ಒತ್ತಿ ಮಸಿ ಹತ್ತಿಸಿಕೊಂಡು, ಗೋಡೆಯ ಗುರುತಿನ ಮಗ್ಗುಲಿಗೇ ಉಗುರಂಚಿನಿಂದ ಉಗುರಂಚಿಗೆ ಹೊರಳಿಸಿದ. ಎರಡೂ ಒಂದೇ. ಗೀರಿಗೆ ಗೀರು, ಸುಳಿಗೆ ಸುಳಿ. ಒಂದೇ ವ್ಯತ್ಯಾಸ: ಅವನು ಒತ್ತಿದ್ದು ಒಣ ಮಸಿ. ಆ ಇನ್ನೊಂದು ಇನ್ನೂ ಹಸಿಯಾಗಿತ್ತು, ಅದರ ಕೆಳಗಂಚಿನಿಂದ ಹೊಳೆಯ ನೀರಿನಂಥ ಕೆಸರು ನೀರು ಹನಿಯಾಗಿ ಇಳಿಯುತ್ತಿತ್ತು.

ಗೆರೆಯಿಲ್ಲದ ಹುಡುಗನಿಗೆ ಸರ್ಕಾರ ಗೆರೆ ಬರೆದುಕೊಟ್ಟಿತ್ತು. ಹುಡುಗ ಆ ಕೈಗಳನ್ನೇ ಹಿಡಿದುಕೊಂಡು ಮನೆಗೆ ಬಂದಿದ್ದ. ಇಷ್ಟು ದಿನ ಈ ಮನೆಯ ಗಡಿಗೆ ಮುಟ್ಟಿದ್ದು, ಬುಟ್ಟಿ ತಡಕಿದ್ದು ಚಿದಾನಂದಪ್ಪನ ಬೆರಳು.

"ಯಾರ ಬೆರಳು ಅವು?"

ಹೊನ್ನೂರಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವನ ಕಪ್ಪಾದ ಹೆಬ್ಬೆರಳನ್ನೂ ಗೋಡೆಯ ಮೇಲಿನ ಜೋಡಿ ಗುರುತನ್ನೂ ನೋಡುತ್ತಿದ್ದಳು. ಓದು ಬರಹ ಬಾರದ ಹೆಂಗಸು. ಆದರೆ ಎರಡೂ ಒಂದೇ ಥರ ಇವೆ ಎನ್ನಲು ಓದು ಬೇಕಿಲ್ಲ.

ಚಿದಾನಂದಪ್ಪ ಸುಳ್ಳು ಹುಡುಕಿದ, ಸಿಗಲಿಲ್ಲ. ಸಿಕ್ಕಿದ್ದರೂ ಆ ಹಸಿ ಗುರುತಿನ ಮುಂದೆ ಆಡುವ ಧೈರ್ಯ ಇರಲಿಲ್ಲ. ನೆಲದ ಮೇಲೆ ಕೂತಲ್ಲೇ ಎಲ್ಲ ಹೇಳಿದ. ಗೆರೆ ಮೂಡದ್ದು, ತನ್ನ ಹೆಸರಿನ ಜಂಬ, ತನ್ನ ಬೆರಳು, ಅವನ ಹೆಸರು. ಸೀಮೆಎಣ್ಣೆ ಕೊಡಲು ಬೇಸರಪಟ್ಟದ್ದು. ಹೊಳೆಗೆ ಹೋಗೆಂದದ್ದು.

ಅವಳ ಕೈಯಲ್ಲಿದ್ದ ಹೂವು ನೆಲಕ್ಕೆ ಬಿದ್ದಿತ್ತು.

"ಹಂಗಾರ ನನ್ ಕೂಸಿನ ಕೈ ವಾಸಿ ಆಗಿಲ್ಲ" ಅಂದಳು.

ಚಿದಾನಂದಪ್ಪ ತಲೆ ತಗ್ಗಿಸಿದ. ಅವಳು ಬೈದಿದ್ದರೆ, ಹೊಡೆದಿದ್ದರೆ ತಾಳಿಕೊಳ್ಳುತ್ತಿದ್ದ. ಆ ಒಂದು ಮಾತನ್ನು ತಾಳಲಾಗಲಿಲ್ಲ, ಕಣ್ಣೀರು ಬಂತು.

"ಅಳಬ್ಯಾಡ. ಕೇಳಿದ್ದಕ್ಕ ಹೇಳು. ಠಾಣ್ಯಾಗ ಅವನಿಗೆ ಉಣ್ಣಾಕ ಕೊಟ್ಟಿದ್ರೇನು?"

"ಕೊಟ್ಟಿದ್ವಿ. ಮುಟ್ಟಲಿಲ್ಲ. ಈ ಕರಿ ಕೈಲೆ ರೊಟ್ಟಿ ಮುಟ್ಟಂಗಿಲ್ರಿ, ತೊಳಕೊಂಡು ಮನಿಗೆ ಹೋಗಿ ನಮ್ಮವ್ವನ ಕೈಲೆ ಉಣ್ತೀನಿ ಅಂದ."

ಹೊನ್ನೂರಮ್ಮ ನಿಧಾನವಾಗಿ ಗೋಡೆಯ ಕಡೆ, ಗಡಿಗೆಯ ಕಡೆ, ಬುಟ್ಟಿಯ ಕಡೆ ನೋಡಿದಳು. "ಅದಕ್ಕ" ಅಂದಳು. "ಅದಕ್ಕ ಬುಟ್ಟಿ ಬಿಟ್ಟು ಎಲ್ಲೂ ಹೋಗವಲ್ಲ. ನಾನು ನನ್ನ ನೋಡಾಕ ಬರ್ತಾನ ಅಂತ ತಿಳದಿದ್ದೆ. ಹಸದು ಬಂದಾನ. ಕೈ ಸಿಕ್ಕಾವ, ಬಾಯಿ ಎಲ್ಲಿಂದ ಬರಬೇಕು?"

ರಟ್ಟಿನ ನಡುವಿನಿಂದ ಹಾಳೆಯನ್ನು ತಾನೇ ತೆಗೆದುಕೊಂಡಳು. ಮೇಲಿನ ಹೆಸರಿನ ಮೇಲೆ ಬೆರಳಾಡಿಸಿ, "ಇದು ಅವನ ಹೆಸರೇನು?" ಎಂದು ಕೇಳಿದಳು. ಅವನು ಹೂಂ ಅಂದ.

"ಹೆಸರು ಅವಂದು, ಬೆರಳು ನಿಂದು. ಇದನ್ನ ಹುಗಿದ್ರ ನಿನ್ನ ಹುಗಿದಂಗ. ಜೀವ ಇದ್ದೋರನ್ನ ಹುಗಿಯಾಕ ನಾನೇನು ಪೊಲೀಸಲ್ಲ. ಕೈ ಚಾಚು."

ಬಚ್ಚಲಿಗೆ ಕರೆದೊಯ್ದು ತಂಬಿಗೆಯಲ್ಲಿ ನೀರು ಎರೆದಳು. ಒಲೆಯ ಬೂದಿ ಹಚ್ಚಿ ಅವನ ಬೆರಳುಗಳನ್ನು ಒಂದೊಂದಾಗಿ ತಿಕ್ಕಿದಳು; ಸಂದಿ, ಉಗುರು, ಗೆಣ್ಣು ಯಾವುದನ್ನೂ ಬಿಡಲಿಲ್ಲ. ಮಸಿಯಾಗಿದ್ದದ್ದು ಒಂದು ಹೆಬ್ಬೆರಳು ಮಾತ್ರ. ಆದರೆ ಹತ್ತು ಬೆರಳಿನಿಂದಲೂ ಕರಿ ನೀರು ಇಳಿಯಿತು. ಇಳಿದೇ ಇಳಿಯಿತು. ಹೊನ್ನೂರಮ್ಮನಿಗೆ ಅದರಲ್ಲಿ ಆಶ್ಚರ್ಯ ಕಂಡಂತಿರಲಿಲ್ಲ. ನೀರು ತಿಳಿಯಾಗುವವರೆಗೂ ಎರೆದಳು. ಸೆರಗಿನಿಂದ ಒರೆಸಿ, "ಬಾ, ಕುಂಡ್ರು" ಅಂದಳು.

ತಾಟಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಚಿದಾನಂದಪ್ಪನಿಗೆ ಹಸಿವಿರಲಿಲ್ಲ, ಮನೆಯಲ್ಲಿ ಹೊಟ್ಟೆ ತುಂಬ ಉಂಡೇ ಬಸ್ಸು ಹತ್ತಿದ್ದ. ಆದರೂ ಕೈ ಮುಂದೆ ಹೋಯಿತು. ರೊಟ್ಟಿಯನ್ನು ಅವನು ಮುರಿಯುವ ರೀತಿ ಬೇರೆ; ಈ ಕೈ ಇಡೀ ರೊಟ್ಟಿಯನ್ನು ಸುರುಳಿ ಮಾಡಿ ಪಲ್ಯಕ್ಕೆ ಅದ್ದಿತು. ಬಾಯಿಗೆ ಬಂತು. ಅಗಿದ, ನುಂಗಿದ. ಕೈ ಮತ್ತೆ ತಾಟಿಗೆ ಹೋಗಿತ್ತು. ನಿಲ್ಲಿಸೋಣವೆಂದು ಎಡಗೈಯಿಂದ ಹಿಡಿಯಲು ನೋಡಿದ. ಎಡಗೈ ಮಜ್ಜಿಗೆಯ ಬಟ್ಟಲನ್ನು ಎತ್ತಿಕೊಂಡಿತು. ಒಂದು ಹಂತದಲ್ಲಿ ಹೆದರುವುದನ್ನೂ ಬಿಟ್ಟ. ಎಷ್ಟು ಹಸಿದಿದ್ದಾನೆ ಪಾಪ ಎಂದು ಮರುಗಿದ.

ಹೊನ್ನೂರಮ್ಮ ಎದುರಿಗೆ ಕೂತು ಬಡಿಸುತ್ತಲೇ ಇದ್ದಳು. ಅವನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಕಣ್ಣೆಲ್ಲ ಆ ಕೈಗಳ ಮೇಲೆ. "ಸಾವಕಾಶ ಉಣ್ಣೋ... ಯಾರೂ ಕಸಗೊಳ್ಳಂಗಿಲ್ಲ... ಚಟ್ನಿ ಹಾಕಲೇನು?" ಬಾಗಿಲಿಗೆ ಬಂದ ಅಯ್ಯನವರು ಒಳಗೆ ಇಣುಕಿ, ಏನು ಕಂಡರೋ ಏನೋ, ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರು.

ಬುಟ್ಟಿ ಬರಿದಾಯಿತು. ಕೈಗಳು ತಾಟಿನ ಅಂಚಿನ ಮೇಲೆ ಸುಮ್ಮನೆ ಮಲಗಿದವು.

"ಸಾಕಾತೇನು ಹುಲುಗಾ?"

ಬಲಗೈ ಮೇಲೆದ್ದು ಅವಳ ಗಲ್ಲ ಮುಟ್ಟಿ ಇಳಿಯಿತು.

ಆಗ ಅತ್ತಳು ಹೊನ್ನೂರಮ್ಮ. ಮಗ ಹೊಳೆ ಪಾಲಾದ ಮೇಲೆ ತಡೆದುಕೊಂಡದ್ದೆಲ್ಲ ಬಂತು. ಬೇಕಾಗಿದ್ದರೆ ಆ ಹಾಳೆಯನ್ನು ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟುಕೊಳ್ಳಬಹುದಿತ್ತು. ಕರಿ ಬೆರಳಾದರೂ ಮಗನ ಬೆರಳೆಂದು ದಿನಾ ನೋಡಿಕೊಂಡಿರಬಹುದಿತ್ತು. ಅವಳು ಕಣ್ಣೊರೆಸಿಕೊಂಡು, "ಹೋಗಿ ಬಾ ನನ್ನಪ್ಪ, ಇನ್ನ ಹಸಗೊಂಡು ತಿರುಗಬ್ಯಾಡ" ಎಂದು ಹಾಳೆಯನ್ನು ಒಲೆಯ ಕೆಂಡಕ್ಕೆ ಹಾಕಿದಳು. ಅದು ಹೊಗೆಯಿಲ್ಲದೆ ಉರಿದು ಹೋಯಿತು. ಗೋಡೆಯ ಮೇಲೆ ಚಿದಾನಂದಪ್ಪ ಆಗಲೇ ಒತ್ತಿದ್ದ ಒಂದು ಹೆಬ್ಬೆರಳು ಮಾತ್ರ ಉಳಿದಿತ್ತು.

ತನ್ನ ಕೈಗಳು ತನಗೆ ತಿರುಗಿ ಬಂದದ್ದು ಅವನಿಗೆ ತಿಳಿಯಿತು. ಅವಳ ಕಾಲು ಮುಟ್ಟಲು ಬಾಗಿದ. ಹೊನ್ನೂರಮ್ಮ ಹಿಂದೆ ಸರಿದಳು.

"ಬ್ಯಾಡ್ರಿ ಸಾಹೇಬ್ರ. ನಿಮ್ಮನ್ನ ನಾ ಕ್ಷಮಿಸಿಲ್ಲ" ಅಂದಳು. "ಈಗ ಉಣಿಸಿದ್ದು ನಿಮಗಲ್ಲ."

ಚಿದಾನಂದಪ್ಪ ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಒಂದು ಬುಟ್ಟಿ ರೊಟ್ಟಿ ಅವನ ಗಂಟಲಿನಿಂದಲೇ ಇಳಿದದ್ದನ್ನು ಅವನೇ ಕಂಡಿದ್ದ. ಆದರೆ ದಾರಿಯ ಅರ್ಧಕ್ಕೆ ಬರುವಷ್ಟರಲ್ಲಿ ಕಾಲು ಸೋತು, ಕಣ್ಣು ಕತ್ತಲೆಗಟ್ಟಿ, ಒಂದು ಬೇವಿನ ಮರಕ್ಕೆ ಒರಗಿ ನಿಂತ. ಎಷ್ಟೋ ದಿನದಿಂದ ಒಂದು ತುತ್ತೂ ಕಾಣದವನ ಹಾಗೆ ಅವನಿಗೆ ಹಸಿವಾಗಿತ್ತು.